ಮಾವನವರ ಸಬಕಾರದ ಡಬ್ಬಿ

ಗಂಡಸರ ಗಡ್ಡದ ಸಂಗತಿ ಬರೆಯಲು ಹೆಂಗಸಿಗೇನು ಅಧಿಕಾರ ಎಂದು ಓದುಗ ಸೋದರಿಯರು ಮೂಗಿನ ಮೇಲೆ ಬೆರಳಿಡಬಹುದು. ನಾನೂ ಹಾಗೇ ಅಂದುಕೊಂಡಿದ್ದವಳೇ. ಶೇಂಗಾ ಹೋಳಿಗೆ ಒಡೆಯದಂತೆ ಲಟ್ಟಿಸುವುದು ಹೇಗೆ, ಮಾವಿನಕಾಯಿ ಉಪ್ಪಿನಕಾಯಿಗೆ ಬೂಸು ಬರದಂತೆ ಇಡುವುದು ಹೇಗೆ ಎಂದು ಕೇಳಿದರೆ ನಾಲ್ಕು ಪುಟ ಬರೆದೇನು. ಆದರೆ ನಾಲ್ಕೂವರೆ ವರ್ಷ, ಒಂದು ದಿನ ಬಿಟ್ಟು ಒಂದು ದಿನ, ನಾನು ಮಾಡಿದ ಕೆಲಸ ಬೇರೆಯೇ. ನಮ್ಮ ಮಾವನವರ ದಾಡಿ! ಅದರಲ್ಲಿಯೂ ಬ್ಲೇಡು ಹಿಡಿಯುವುದಕ್ಕಿಂತ ಸಾಬೂನಿನ ನೊರೆ ಎಬ್ಬಿಸುವುದೇ ನನಗೆ ಕಠಿಣವಾಗಿತ್ತು. ನಮ್ಮ ಕಡೆ ನೊರೆಗೆ ಬುರುಗು ಅನ್ನುತ್ತೇವೆ, ಸಾಬೂನಿಗೆ ಸಬಕಾರ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುತ್ತಿರುವ ಸೋದರಿಯರು ಬಹಳ ಮಂದಿ ಇರುವಿರಿ. ಯಾರಿಗಾದರೂ ಉಪಯೋಗವಾದೀತೆಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಮ್ಮೂರು ಗಲಗಲಿ. ಬಾಗಲಕೋಟೆ ಜಿಲ್ಲೆಯಲ್ಲಿ, ಕೃಷ್ಣಾ ಹೊಳೆಯ ದಂಡೆಯ ಮೇಲೆ ಇದೆ. ಗಾಲವ ಋಷಿಯಿಂದ ಊರಿಗೆ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಹಾಡು ಕಟ್ಟಿದ ಹರಿದಾಸಿ ಗಲಗಲಿ ಅವ್ವನವರ ಊರೂ ಇದೇ. ನಾನು 1999ರಲ್ಲಿ ಲಗ್ನವಾಗಿ ಈ ಮನೆಗೆ ಬಂದಾಗ ಮಾವನವರು ಕನ್ನಡ ಶಾಲೆಯ ಮಾಸ್ತರರು. ಶಿಸ್ತೆಂದರೆ ಶಿಸ್ತು. ಮುಂಜಾನೆ ಐದಕ್ಕೆ ಎದ್ದು ಪಡಸಾಲೆಯ ಕಂಬಕ್ಕೆ ಕನ್ನಡಿ ತೂಗು ಹಾಕಿ, ಚರಗಿಯಲ್ಲಿ ಬಿಸಿನೀರು ಇಟ್ಟುಕೊಂಡು ಕೂಡುತ್ತಿದ್ದರು. ಗೋಡೆಯ ಮಾಡದಲ್ಲಿ ಅವರ ಗೋದ್ರೆಜ್ ದುಂಡು ಸಬಕಾರದ ಡಬ್ಬಿ, ಕಟ್ಟಿಗೆಯ ಹಿಡಿಕೆಯ ಬ್ರಶ್ಶು, ಒಂದು ತುಂಡು ತುರಟಿ. (ನೀವು ಪಟಿಕ ಅನ್ನುವಿರಿ.) ಸೋಮವಾರ ಮತ್ತು ಅಮಾವಾಸ್ಯೆ ಬಿಟ್ಟರೆ ದಿನವೂ ದಾಡಿ. ಒಳಗೆ ರೊಟ್ಟಿ ಬಡಿಯುವ ನನಗೆ ಹೊರಗಿನಿಂದ ಬ್ರಶ್ಶು ಬಟ್ಟಲಿನಲ್ಲಿ ತಿರುಗುವ ಚಪಚಪ ಸಪ್ಪಳ ಕೇಳಿಸುತ್ತಿತ್ತು. ಅಷ್ಟೇ. ಅವರ ಎದುರಿಗೆ ನಾನು ನಿಂತದ್ದೂ ಕಡಿಮೆ, ಮಾತಾಡಿದ್ದೂ ಕಡಿಮೆ. ಸೆರಗು ತಲೆಯ ಮೇಲೆ, ಮಾತು ಅತ್ತೆಯವರ ಮುಖಾಂತರ. "ಚಾ ಬೇಕಾ ಕೇಳ್ರಿ ಅತ್ತಿ" ಎನ್ನುವುದು ನಮ್ಮ ಪದ್ಧತಿ. ಹದಿನೆಂಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಅವರ ಗದ್ದದ ಕೆಳಗೆ ಒಂದು ಮಚ್ಚೆ ಇದೆ ಎಂಬುದು ನನಗೆ ಗೊತ್ತಿರಲಿಲ್ಲ.

2017ರ ಜೂನ್‌ನಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಮಗ್ಗಲು ಬೀಳುತ್ತದೆ, ಬಹಳ ಜನರಿಗೆ ಮಾತಿನ ಜಾಗವೂ ಆ ಎಡಕ್ಕೇ ಇರುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಹನ್ನೆರಡು ದಿನ ಬಾಗಲಕೋಟೆಯ ದವಾಖಾನೆಯಲ್ಲಿದ್ದು ಮನೆಗೆ ಬಂದಾಗ ಅವರ ಬಾಯಲ್ಲಿ ಉಳಿದದ್ದು ಒಂದೇ ಶಬ್ದ, "ಆತು". ನೀರು ಬೇಕೆಂದರೂ ಆತು, ಬೇಡವೆಂದರೂ ಆತು, ಸಿಟ್ಟು ಬಂದರೂ ಆತು. ಮೂವತ್ತೈದು ವರ್ಷ ಮಕ್ಕಳಿಗೆ ಕಾಗುಣಿತ ಹೇಳಿಕೊಟ್ಟ ಬಾಯಿ ಅದು.

ಊಟ, ಸ್ನಾನ, ಔಷಧದ ಗಡಿಬಿಡಿಯಲ್ಲಿ ಗಡ್ಡದ ಕಡೆಗೆ ಯಾರೂ ಲಕ್ಷ್ಯ ಕೊಡಲಿಲ್ಲ. ನಮ್ಮ ಮನೆಯವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಬಿಡುವಾದಾಗ ಪೇಟೆಯಿಂದ ತಂದ ಡಬ್ಬಿಯ ನೊರೆಯನ್ನು ಪುಸ್ಸೆಂದು ಹಚ್ಚಿ, ಐದು ನಿಮಿಷದಲ್ಲಿ ಕೆರೆದು ಮುಗಿಸುತ್ತಿದ್ದರು. ಮಾವನವರ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ನೋವಿಗೋ, ಮಗನ ಅವಸರಕ್ಕೋ? ಆಮೇಲೆ ಅದೂ ನಿಂತಿತು. ಬಿಳಿ ಗಡ್ಡ ಎರಡು ಬೆರಳು ಬೆಳೆಯಿತು. ಜೊಲ್ಲು, ಗಂಜಿ ಅಂಟಿಕೊಂಡು ತುರಿಕೆ ಸುರುವಾಯಿತು.

ಶ್ರಾವಣದಲ್ಲಿ ಒಂದು ದಿನ ಅವರ ಹಳೆಯ ವಿದ್ಯಾರ್ಥಿಗಳು ನಾಲ್ಕು ಮಂದಿ ಮಾತಾಡಿಸಲು ಬಂದರು. ಎಲ್ಲ ದೊಡ್ಡ ದೊಡ್ಡ ಗಂಡಸರು, ಕೈಯಲ್ಲಿ ಬಾಳೆಹಣ್ಣು. "ಸರ್" ಎಂದು ಕಾಲಿಗೆ ಬೀಳಹೋದರೆ ಮಾವನವರು ಎಡಗೈಯಿಂದ ಗದ್ದ ಮುಚ್ಚಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ಅವರು ಹೋಗುವ ತನಕ ಈ ಕಡೆ ತಿರುಗಲೇ ಇಲ್ಲ. ಚಹಾದ ಕಪ್ಪು ತೆಗೆಯಲು ನಾನು ಹೋದಾಗ ಅವರ ದೃಷ್ಟಿ ಆ ಮಾಡದ ಮೇಲೆ ಇತ್ತು. ಡಬ್ಬಿಯ ಮೇಲೆ ಧೂಳು ಕೂತಿತ್ತು.

ಅಂದು ರಾತ್ರಿ ಅತ್ತೆಯವರಿಗೆ ಹೇಳಿದೆ, "ನಾ ಮಾಡ್ತೀನ್ರಿ ಅವರ ದಾಡಿ." ಅವರು ಹೌಹಾರಿದರು. "ಸೊಸಿ ಮಾವನ ಗಲ್ಲ ಮುಟ್ಟೂದೇನ? ಓಣ್ಯಾಗ ಏನಂತಾರ! ಐವತ್ತು ವರ್ಸ ಬಾಳೇ ಮಾಡೀನಿ, ನಾನ ಆ ಡಬ್ಬಿ ಮುಟ್ಟಿಲ್ಲ." ಅವರಿಗಾದರೂ ಮಾಡಬೇಕೆಂದರೆ ಎರಡೂ ಕಣ್ಣಿಗೆ ಮೋತಿಬಿಂದು. ಮೈದುನ ಫೋನಿನಲ್ಲಿ, "ವೈನಿ, ಅದೆಲ್ಲಾ ಛಂದ ಕಾಣೂದಿಲ್ರಿ" ಎಂದ. ಅವನು ಪುಣೆಯಲ್ಲಿರುವುದು! ನಾನು ಏನೂ ಅನ್ನಲಿಲ್ಲ. ಜ್ವರ ಬಂದ ಮಗುವಿನ ಮೈ ಒರೆಸುವಾಗ ಮುಟ್ಟಬೇಕೋ ಬೇಡವೋ ಎಂದು ಯಾರನ್ನು ಕೇಳುತ್ತೇವೆ?

ಮೊದಲ ದಿನದ ನನ್ನ ಪರಾಕ್ರಮ ಕೇಳಿ. ಬ್ರಶ್ಶನ್ನು ನೀರಲ್ಲಿ ಅದ್ದಿದೆ, ಸಬಕಾರದ ಮೇಲೆ ನಾಲ್ಕು ಸುತ್ತು ತಿರುಗಿಸಿದೆ, ಗಲ್ಲಕ್ಕೆ ಹಚ್ಚಿದೆ. ಭಾಂಡೆ ತಿಕ್ಕುವ ಸೋಪಿನ ಹಾಗೆ ದೊಡ್ಡ ದೊಡ್ಡ ಗುಳ್ಳೆ ಎದ್ದು, ಕೊರಳಿನಿಂದ ಇಳಿದು ಅಂಗಿ ಒದ್ದೆಯಾಯಿತು. ಗಲ್ಲದ ಮೇಲೆ ಏನೂ ಉಳಿಯಲಿಲ್ಲ. ಎರಡನೆಯ ಸಲ ನೀರು ಕಡಿಮೆ ಮಾಡಿದೆ. ಆಗ ಸುಣ್ಣ ಬಳಿದ ಹಾಗೆ ಆಗಿ, ನಾನು ಬ್ಲೇಡು ಎತ್ತುವುದರೊಳಗೆ ಒಣಗಿ ಬಿಗಿಯಿತು. ಮಾವನವರು "ಆತು, ಆತು" ಎಂದು ಎಡಗೈ ಅಡ್ಡ ತಂದರು. ಆ ಆತು ಬೇಡವೆಂಬ ಆತು. ಬಿಸಿನೀರಿನಿಂದ ಒರೆಸಿ ಬಿಟ್ಟೆ. ಅಡಿಗೆಮನೆಗೆ ಹೋಗಿ ಅತ್ತೆ, ಏನೋ ನೆಪ ಮಾಡಿ.

ನನಗೆ ಈ ವಿದ್ಯೆ ಕಲಿಸಿದವರು ನಮ್ಮ ಹಡಪದ ಕಾಕಾ. ವಯಸ್ಸಾಗಿ ಮೊಣಕಾಲು ಹಿಡಿದು, ಅಂಗಡಿಯನ್ನು ಮಗನಿಗೆ ಬಿಟ್ಟವರು. ಹಡಪ ಎಂದರೆ ಎಲೆಅಡಿಕೆಯ ಚೀಲ. ಬಸವಣ್ಣನವರ ಹಡಪ ಹಿಡಿದಿದ್ದ ಅಪ್ಪಣ್ಣನವರೂ ಅವರ ಪುಣ್ಯಸ್ತ್ರೀ ಲಿಂಗಮ್ಮನವರೂ ವಚನ ಬರೆದ ಶರಣರು ಎಂಬುದು ನಿಮಗೆ ಗೊತ್ತೇ ಇದೆ. ದಿನಾ ಬರಲು ಕಾಲು ಕೊಡುವುದಿಲ್ಲ, ಎಂಟು ದಿನಕ್ಕೊಮ್ಮೆ ಬರುತ್ತೇನೆ ಎಂದು ಕೋಲೂರಿಕೊಂಡು ಬಂದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅವರಿಗೆ ತಿಳಿಯಿತು. "ಅಲ್ಲೇನ ನಿಂತಿ ತಂಗಿ, ಹತ್ರ ಬಾ. ಕಳ್ಳರಂಗ ನೋಡಿದ್ರ ಕೆಲಸ ಬರೂದಿಲ್ಲ" ಎಂದು ಬಟ್ಟಲು ನನ್ನ ಕೈಗೆ ಕೊಟ್ಟರು. ಅತ್ತೆಯವರು ಒಳಗಿನಿಂದ ಕೆಮ್ಮಿದರು. ಕಾಕಾ ಕೇಳಿಸಿಕೊಳ್ಳಲಿಲ್ಲ.

ಅವರು ಕಲಿಸಿದ್ದನ್ನು ನಮ್ಮ ಅಡಿಗೆಮನೆಯ ಲೆಕ್ಕಕ್ಕೆ ಇಳಿಸಿ ಹೇಳುತ್ತೇನೆ.

ಎಲ್ಲಕ್ಕೂ ಮೊದಲು ಬ್ರಶ್ಶನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಾಲ್ಕೈದು ನಿಮಿಷ ನೆನೆಯಿಡಬೇಕು. ಪ್ರಾಣಿಯ ಕೂದಲಿನ ಬ್ರಶ್ಶು ತಾನೇ ನೀರು ಕುಡಿಯುತ್ತದೆ. ಒಣ ಬ್ರಶ್ಶಿನಿಂದ ಸುರು ಮಾಡಿದರೆ ನೀವು ಎಬ್ಬಿಸಿದ ಬುರುಗಿನ ನೀರನ್ನೇ ಅದು ಹೀರಿಬಿಡುತ್ತದೆ. ಒಣ ಅರಿವೆಯಿಂದ ತುಪ್ಪ ಬಳಿದ ಹಾಗೆ. ಅದು ನೆನೆಯುವಾಗ ಸಬಕಾರದ ಮೇಲೂ ಅರ್ಧ ಚಮಚ ಬಿಸಿನೀರು ಹಾಕಿ ಬಿಡಿ. ಮೇಲಿನ ಪದರು ಮೆತ್ತಗಾಗುತ್ತದೆ. ಆ ನೀರನ್ನು ಚೆಲ್ಲಬೇಡಿ, ಗಲ್ಲಕ್ಕೆ ಸವರಿ.

ಆಮೇಲೆ ಬ್ರಶ್ಶನ್ನು ಎರಡು ಮೂರು ಸಲ ಝಾಡಿಸಬೇಕು. ಹಿಂಡಬಾರದು, ಹಾಗೇ ಸೋರುತ್ತಲೂ ಇರಬಾರದು. ಸಬಕಾರದ ಮೇಲೆ ತುದಿಗಳು ಮಾತ್ರ ತಾಗುವಂತೆ ದುಂಡಗೆ ತಿರುಗಿಸುವುದು. ಎಷ್ಟು ಸಲ? ನಾನು ನಾಲ್ಕಕ್ಕೇ ನಿಲ್ಲಿಸಿದ್ದೆನಲ್ಲ, ಅಲ್ಲೇ ತಪ್ಪು. ಮೂವತ್ತು ನಲವತ್ತು ಸುತ್ತು ಬೇಕು. ಮೊದಲು ದೊಡ್ಡ ಗುಳ್ಳೆಯೇ ಬರುತ್ತದೆ. "ಅದು ಬುರುಗಲ್ಲ, ಅದು ಗಾಳಿ. ನೋಡಿ ಮೋಸ ಹೋಗಬ್ಯಾಡ" ಎನ್ನುತ್ತಿದ್ದರು ಕಾಕಾ. ತಿರುಗಿಸುತ್ತ ಹೋದರೆ ಗುಳ್ಳೆ ಸತ್ತು, ಬ್ರಶ್ಶಿನ ತುದಿಗೆ ಅಂಟಂಟಾದ ಗಟ್ಟಿ ಮುದ್ದೆ ಹತ್ತುತ್ತದೆ. ಶ್ರೀಖಂಡಕ್ಕೆಂದು ಮೊಸರನ್ನು ಅರಿವೆಯಲ್ಲಿ ಕಟ್ಟಿ ತೂಗುಹಾಕಿದಾಗ ಉಳಿಯುವ ಚಕ್ಕಾ ಇದೆಯಲ್ಲ, ಹಾಗೆ. ಅದು ಬಂದ ಮೇಲೆಯೇ ಬಟ್ಟಲಿಗೆ ಹೋಗಬೇಕು.

ಬಟ್ಟಲಿನಲ್ಲಿ ನೀರು ಸೇರಿಸುವುದೇ ಮುಖ್ಯ. ಜೋಳದ ಹಿಟ್ಟಿಗೆ ಎಸರು ಒಮ್ಮೆಲೇ ಸುರಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಬೇಕಿಲ್ಲ. ಇಲ್ಲಿಯೂ ಬೆರಳು ಅದ್ದಿ ನಾಲ್ಕೈದು ಹನಿ, ಹದಿನೈದಿಪ್ಪತ್ತು ಸುತ್ತು. ಮತ್ತೆ ನಾಲ್ಕೈದು ಹನಿ, ಮತ್ತೆ ಸುತ್ತು. ಹೀಗೆ ಎರಡು ನಿಮಿಷ. ಚಕ್ಕಾ ಸಡಿಲಾಗಿ, ಕಡೆದ ಶ್ರೀಖಂಡದ ಹೊಳಪು ಬರಬೇಕು. ಕಣ್ಣಿಗೆ ಒಂದೂ ಗುಳ್ಳೆ ಕಾಣಬಾರದು. ಬ್ರಶ್ಶು ಎತ್ತಿದರೆ ಮೇಲೆದ್ದ ತುದಿ ಸ್ವಲ್ಪ ಬಾಗಬೇಕು. ನೆಟ್ಟಗೆ ನಿಂತರೆ ಇನ್ನೂ ಹನಿ ನೀರು ಬೇಕು, ಇಳಿದು ಹೋದರೆ ನೀರು ಹೆಚ್ಚಾಗಿದೆ, ಸಬಕಾರಕ್ಕೆ ಮರಳಿ ಹೋಗಬೇಕು. ಎರಡು ಬೆರಳ ನಡುವೆ ತಿಕ್ಕಿ ನೋಡಿದರೆ ಎಣ್ಣೆಯಂತೆ ಜಾರಬೇಕು. ನನ್ನ ಕೈಗೆ ಇದು ಕೂಡಿಬರಲು ಎರಡು ತಿಂಗಳು ಹಿಡಿಯಿತು. ಬಟ್ಟಲೂ ಬಹಳ ನುಣುಪಾಗಿರಬಾರದು. ಕಾಕಾನ ಅಲ್ಯುಮಿನಿಯಂ ಬಟ್ಟಲಿನ ತಳದಲ್ಲಿ ಮೊಳೆಯಿಂದ ಗೀರಿದ ಗೆರೆಗಳಿದ್ದವು, ಬುರುಗು ಬೇಗ ಏಳಲೆಂದು.

ಮೈಗೆ ಹಚ್ಚುವ ಸೋಪಿನಿಂದ ಯಾಕೆ ಆಗುವುದಿಲ್ಲ ಎಂದು ಕೇಳುವಿರಿ. ನಾನು ಮಾಡಿ ನೋಡಿದ್ದೇನೆ. ಬುರುಗು ಭರ್ರೆಂದು ಬರುತ್ತದೆ, ಭರ್ರೆಂದು ಹೋಗುತ್ತದೆ. ಕೊಬ್ಬರಿ ಎಣ್ಣೆಯ ಅಂಶ ಬೇಗ ನೊರೆ ಕೊಡುತ್ತದೆ, ಆದರೆ ಆ ನೊರೆಗೆ ತಾಳಿಕೆ ಇಲ್ಲ. ದಾಡಿಯ ಸಾಬೂನಿನಲ್ಲಿ ಸ್ಟಿಯರಿಕ್ ಆಮ್ಲವೆಂಬ ಮೇಣದಂಥ ಕೊಬ್ಬಿನಾಂಶ ಹೆಚ್ಚಿಗೆ ಇರುತ್ತದೆ, ಅದರಿಂದ ನೊರೆ ದಪ್ಪಗೆ, ಬಹಳ ಹೊತ್ತು ನಿಲ್ಲುತ್ತದೆ ಎಂದು ಬಿ.ಎಸ್ಸಿ. ಓದಿದ ನನ್ನ ಮಗಳು ಮುಂದೆ ಒಂದು ದಿನ ಹೇಳಿದಳು. ಬುರುಗಿನ ಕೆಲಸ ಚೆಂದ ಕಾಣುವುದಲ್ಲ. ಕೂದಲಿನ ಹತ್ತಿರ ನೀರನ್ನು ಹಿಡಿದಿಡುವುದು, ಬ್ಲೇಡು ಜಾರುವಂತೆ ಮಾಡುವುದು. ಒಣ ಕೂದಲು ತಂತಿಯಂತೆ ಬಿರುಸು. ಎರಡು ಮೂರು ನಿಮಿಷ ಬಿಸಿನೀರು ಕುಡಿದರೆ ಮೆತ್ತಗಾಗುತ್ತದೆ. ಆದ್ದರಿಂದ ಬುರುಗು ಹಚ್ಚಿದ ಮೇಲೂ ಒಂದು ನಿಮಿಷ ಸುಮ್ಮನೆ ಕೂಡಬೇಕು. ಕಾಕಾ ಆ ಒಂದು ನಿಮಿಷ ಎಲೆ ಹಾಕಿಕೊಳ್ಳುತ್ತಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ.

ರೋಗಿಯ ದಾಡಿಗೆ ಮಾತ್ರ ಬೇರೆ ಎಚ್ಚರ ಬೇಕು. ದಿಂಬು ಕೊಟ್ಟು ನೆಟ್ಟಗೆ ಕೂಡಿಸಬೇಕು. ನುಂಗುವ ಶಕ್ತಿ ಕಡಿಮೆ ಇರುವವರ ಬಾಯಿಗೆ ನೊರೆ ಹೋಗಬಾರದು, ತುಟಿಯ ಹತ್ತಿರ ಬ್ರಶ್ಶು ಬಿಟ್ಟು ಬೆರಳಿನಿಂದಲೇ ಹಚ್ಚುವುದು ವಾಸಿ. ಬಿದ್ದ ಮಗ್ಗಲಿನ ಗಲ್ಲಕ್ಕೆ ಬಿಸಿ ಗೊತ್ತಾಗುವುದಿಲ್ಲ, ಆದ್ದರಿಂದ ನೀರನ್ನು ಮೊದಲು ನಮ್ಮ ಮುಂಗೈಗೆ ಹಾಕಿ ನೋಡಬೇಕು, ಕೂಸಿನ ಹಾಲು ನೋಡುತ್ತೇವಲ್ಲ, ಹಾಗೆ. ಜೋತುಬಿದ್ದ ಚರ್ಮವನ್ನು ಎಡಗೈ ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೇ ರೇಜರ್ ಇಳಿಸಬೇಕು, ಎದುರು ದಿಕ್ಕಿಗೆ ಬೇಡ. ಬ್ಲೇಡನ್ನು ಒತ್ತಬಾರದು. ಕಾಕಾ ಪ್ರತಿ ಮುಖಕ್ಕೂ ಹೊಸ ಬ್ಲೇಡು ಮುರಿದು ಅರ್ಧ ಹಾಕುತ್ತಿದ್ದರು. ಒಬ್ಬರ ಬ್ಲೇಡು ಇನ್ನೊಬ್ಬರಿಗೆ ಸಲ್ಲದು, ಗಂಡ ಮಕ್ಕಳಾದರೂ ಅಷ್ಟೇ. ರಕ್ತದಿಂದ ಹರಡುವ ಕಾಮಾಲೆ, ಏಡ್ಸ್ ಇಂಥ ರೋಗಗಳಿಗೆ ಒಂದು ಗೀರು ಸಾಕು.

ಇಷ್ಟೆಲ್ಲ ಹೇಳುವ ನಾನೇ ಒಂದು ದಿನ ಕೊಯ್ದೆ. ದೀಪಾವಳಿಯ ಹಿಂದುಮುಂದು. ಕೈ ಕುದುರಿತೆಂಬ ಸೊಕ್ಕು ಬಂದಿತ್ತು. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ, ಬುರುಗಿಗೆ ಎರಡು ನಿಮಿಷ ಕೊಡಲಿಲ್ಲ. ಬಲಗಲ್ಲದ ಕೆಳಗೆ ಬ್ಲೇಡು ಒಣ ಚರ್ಮಕ್ಕೆ ತಾಗಿ ಸರ್ರೆಂದಿತು. ಅವರಿಗೆ ಆ ಮಗ್ಗಲು ಗೊತ್ತೇ ಆಗುವುದಿಲ್ಲ, ಸುಮ್ಮನೆ ಕೂತಿದ್ದರು. ಬಿಳಿ ಬುರುಗು ಕೆಂಪಾಗುತ್ತ ಹೋದದ್ದನ್ನು ಕಂಡವಳು ನಾನು. ಅರಿವೆ ಒತ್ತಿ ಹಿಡಿದೆ, ತುರಟಿ ಹಚ್ಚಿದೆ, ನಿಲ್ಲಲೊಲ್ಲದು. ರಕ್ತ ತೆಳುವಾಗಿರಲೆಂದು ಡಾಕ್ಟರು ಕೊಟ್ಟ ಗುಳಿಗೆ ನಡೆದಿತ್ತು. ಅಂಥವರಿಗೆ ಸಣ್ಣ ಗಾಯವೂ ಬಹಳ ಹೊತ್ತು ಸೋರುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಅರ್ಧ ತಾಸು ಒತ್ತಿ ಹಿಡಿದು ಕೂತೆ. ಒಳಗೆ ಬೇಳೆ ಸೀದ ವಾಸನೆ ಬರುತ್ತಿತ್ತು. ಕೈ ಥರಥರ ನಡುಗುತ್ತಿತ್ತು. ನಾಳೆಯಿಂದ ಈ ಕೆಲಸ ಬೇಡ, ಓಣಿಯವರು ಅಂದದ್ದೇ ಖರೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಮಾವನವರು ನನ್ನ ಕೈ ನೋಡಿದರು. ಆಮೇಲೆ ಎಡಗೈಯಿಂದ ಬಟ್ಟಲಿನ ಬ್ರಶ್ಶು ತೆಗೆದುಕೊಂಡರು. ಡಬ್ಬಿಯನ್ನು ತೊಡೆಯ ಮೇಲೆ ಇಡೆಂದು ಸನ್ನೆ ಮಾಡಿದರು. ನಾನು ಡಬ್ಬಿ ಹಿಡಿದುಕೊಂಡೆ. ಎಡಗೈಯಿಂದ, ಓರೆಯಾಗಿ, ಒಂದು, ಎರಡು, ಮೂರು... ತಿರುಗಿಸತೊಡಗಿದರು. ಹತ್ತು ಸುತ್ತಿಗೆ ಕೈ ಸೋತಿತು. ವಿಶ್ರಾಂತಿ ತಗೊಂಡು ಮತ್ತೆ ತಿರುಗಿಸಿದರು. ಅವತ್ತು ಮುಕ್ಕಾಲು ತಾಸು ಹಿಡಿಯಿತು. ಆದರೆ ಎಂಥಾ ಬುರುಗು ಅಂತೀರಿ! ಐವತ್ತು ವರ್ಷದ ಕೈ ಅದು, ಎಡಗೈಯಾದರೇನು. ಉಳಿದರ್ಧ ಗಲ್ಲ ನನ್ನಿಂದಲೇ ಮಾಡಿಸಿಕೊಂಡರು. "ಆತು" ಎಂದರು. ಅದು ಸರಿಯಾಯಿತೆಂಬ ಆತು.

ಅಂದಿನಿಂದ ಬುರುಗು ಅವರದು, ಬ್ಲೇಡು ನನ್ನದು. ನೀರು ಹನಿಸುವುದು ನಾನು. ಹೆಚ್ಚಾದರೆ ಕಣ್ಣು ದೊಡ್ಡದು ಮಾಡುತ್ತಿದ್ದರು, ಶಾಲೆಯ ಹುಡುಗರನ್ನು ನೋಡುತ್ತಿದ್ದ ಹಾಗೆ. ಎಡಗೈಗೆ ಕಸುವು ಬರಲು ಇದೂ ಒಳ್ಳೆಯ ವ್ಯಾಯಾಮವೆಂದು ಡಾಕ್ಟರು ಹೇಳಿದರು. ಬರಬರುತ್ತ ಆ ಕೈಯಿಂದಲೇ ಚಮಚ ಹಿಡಿದು ಉಣ್ಣತೊಡಗಿದರು. ಯಾರಾದರೂ ಮಾತಾಡಿಸಲು ಬಂದರೆ ಗೋಡೆಗೆ ತಿರುಗುವುದು ನಿಂತಿತು. ಅತ್ತೆಯವರ ಗೊಣಗಾಟವೂ ಹಾಗೇ ಕಡಿಮೆಯಾಗಿ, ಕಣ್ಣಿನ ಆಪರೇಶನ್ ಆದ ಮೇಲಂತೂ ಹತ್ತಿರ ಕೂತು, "ಇಲ್ಲೊಂದು ಎಳಿ ಉಳದೈತಿ ನೋಡ" ಎಂದು ತಪ್ಪು ಹುಡುಕುವ ಕೆಲಸ ವಹಿಸಿಕೊಂಡರು.

ಅತ್ತೆಯವರ ಇನ್ನೊಂದು ಸಂಗತಿ ಹೇಳಲೇಬೇಕು. ಹಳೆಯ ಬ್ರಶ್ಶಿನ ಕೂದಲು ಉದುರತೊಡಗಿತೆಂದು ಹೊಸದು ತರಲು ಹೋದಾಗ ಅಂಗಡಿಯವರು, "ನೈಲಾನಿಂದು ಬೇಕೋ, ಹಂದಿ ಕೂದಲಿಂದೋ?" ಎಂದರು. ಸಾಧಾರಣ ಬೆಲೆಯ ಹಳೇ ಬ್ರಶ್ಶುಗಳೆಲ್ಲ ಹಂದಿಯ ಕೂದಲಿನವೇ ಅಂತೆ! ಮನೆಗೆ ಬಂದು ಹೇಳಿದೆ. ಅತ್ತೆಯವರ ಮುಖ ನೋಡಬೇಕಿತ್ತು. "ಯವ್ವಾ! ದೇವರ ಮಾಡದ ಬಾಜೂಕ ಇಟ್ಟೇವಲ್ಲ ಇಷ್ಟ ವರ್ಸ!" ಮಾವನವರ ಹೊಟ್ಟೆ ಕುಲುಕಿತು. ಲಕ್ವಾ ಆದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅಂದೇ. ನೈಲಾನ್ ಬ್ರಶ್ಶೇ ತಂದೆವು. ಅದಕ್ಕೆ ನೆನೆಯಿಡುವ ಕೆಲಸವಿಲ್ಲ, ಬೇಗ ಆರುತ್ತದೆ, ಆದರೆ ನೀರನ್ನು ಒಳಗೆ ಹಿಡಿದುಕೊಳ್ಳುವುದಿಲ್ಲ, ಹನಿಸುವಾಗ ಎಚ್ಚರ ಬೇಕು. ಕೂದಲಿನ ಬ್ರಶ್ಶೇ ತಂದರೆ ಮೊದಲ ಕೆಲವು ಸಲ ವಾಸನೆ ಬರುತ್ತದೆ. ಸಬಕಾರದ ನೀರಿನಲ್ಲಿ ತೊಳೆದು ತೊಳೆದು ಬಳಸಿದರೆ ಹೋಗುತ್ತದೆ, ತುದಿ ಸೀಳಿ ಮೆತ್ತಗೂ ಆಗುತ್ತದೆ. ಯಾವುದೇ ಇರಲಿ, ತೊಳೆದು ಝಾಡಿಸಿ ಗಾಳಿಗೆ ಆರಲು ಬಿಡಬೇಕು. ಒದ್ದೆ ಬ್ರಶ್ಶನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೊಳೆಯುತ್ತದೆ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಬ್ರಶ್ಶುಗಳಿಂದ ಅಂಥ್ರಾಕ್ಸ್ ಎಂಬ ದನದ ರೋಗ ಸೈನಿಕರಿಗೆ ತಗುಲಿ ಕೆಲವರು ಸತ್ತಿದ್ದರಂತೆ. ಗಡ್ಡದ ಬ್ರಶ್ಶಿನಿಂದ ಸಾವು!

ಇನ್ನು ನೀರಿನ ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದದ್ದು ನಮ್ಮ ಕಡೆಯವರಿಗೆ ಮರೆಯುವ ಹಾಗಿಲ್ಲ. ನಮ್ಮ ಓಣಿಗೆ ನೀರು ನುಗ್ಗೀತೆಂಬ ಹೆದರಿಕೆಯಿಂದ ಮಾವನವರನ್ನು ಟಂಟಂ ಗಾಡಿಯಲ್ಲಿ ಮಲಗಿಸಿ ಬೀಳಗಿಯ ನಾದಿನಿಯ ಮನೆಗೆ ಕರೆದೊಯ್ದೆವು. ಬಟ್ಟೆಬರೆ ಅರ್ಧ ಮರೆತು ಬಂದಿದ್ದೆ. ಆದರೆ ಸಬಕಾರದ ಡಬ್ಬಿಯನ್ನು ಅವರು ಎಡಗೈಯಲ್ಲಿ ಹಿಡಿದೇ ಬಂದಿದ್ದರು. ಮರುದಿನ ದಾಡಿಗೆ ಕೂತೆವು. ತಿರುಗಿಸಿದರು, ತಿರುಗಿಸಿದರು, ಬುರುಗು ಬರಲೊಲ್ಲದು. ಒಡೆದ ಹಾಲಿನ ಹಾಗೆ ಬಿಳಿ ಚೂರು ಚೂರು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಮತ್ತೆ ಲಕ್ವಾ ಹೊಡೆಯಿತೇನೋ, ಕೈಯ ಕಸುವು ಹೋಯಿತೇನೋ ಎಂದು ನನ್ನ ಎದೆ ಧಸಕ್ಕೆಂದಿತು. ಅವರ ಮುಖದಲ್ಲಿಯೂ ಅದೇ ಹೆದರಿಕೆ.

ಮಗಳು ಆ ವರ್ಷ ಎಸ್.ಎಸ್.ಎಲ್.ಸಿ. "ಕೈಯಿಂದಲ್ಲವ್ವಾ, ನೀರಿಂದು. ಇದು ಬೋರಿನ ಗಡಸು ನೀರು. ನಮ್ಮ ವಿಜ್ಞಾನದ ಪುಸ್ತಕದಾಗ ಐತಿ" ಎಂದಳು. ನಾದಿನಿಯ ಮನೆಯಲ್ಲಿ ಬಳಕೆಗೆ ಬೋರ್‌ವೆಲ್ ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನ ಜತೆ ಕೂಡಿ ಕರಗದ ಗಸಿಯಾಗುತ್ತವೆ. ಸಾಬೂನೆಲ್ಲ ಅದಕ್ಕೇ ಖರ್ಚಾಗಿ ಬುರುಗಿಗೆ ಏನೂ ಉಳಿಯುವುದಿಲ್ಲ. ಆ ನೀರಿನಲ್ಲಿ ಬೇಳೆ ಬೇಗ ಬೇಯದ್ದು, ಕಾಸುವ ಪಾತ್ರೆಗೆ ಬಿಳಿ ಕಿಟ್ಟ ಹತ್ತುವುದು ನಮಗೆಲ್ಲ ಗೊತ್ತಿದ್ದದ್ದೇ. ಅದೇ ಮಾತು ದಾಡಿಗೂ ಉಂಟೆಂದು ತಿಳಿದಿರಲಿಲ್ಲ. ಗಲಗಲಿಯ ನಮ್ಮ ಮನೆಯಲ್ಲಿ ಹೊಳೆಯ ನೀರು, ಆದ್ದರಿಂದ ಗೊತ್ತಾಗಿರಲಿಲ್ಲ. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿ ಬಸಿದುಕೊಂಡರೆ ಗಡಸುತನ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಮಳೆಯ ನೀರಾದರೆ ಉತ್ತಮ. ನಾವು ಮಾಡಿದ್ದೇನೆಂದರೆ, ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಒಂದು ಚರಗಿ ಕಾಸಿಕೊಂಡೆವು. ಬುರುಗು ಬಂತು ನೋಡಿ, ಬಟ್ಟಲು ತುಂಬ! "ಕುಡಿಯೂ ನೀರಾಗ ದಾಡಿ, ಎಂಥಾ ಶ್ರೀಮಂತರವ್ವ ನೀವು" ಎಂದಳು ನಾದಿನಿ. ಅವಳಪ್ಪ ಎಡಗೈಯಿಂದ ಅವಳ ಗಲ್ಲಕ್ಕೊಂದು ಬೊಟ್ಟು ಬುರುಗು ಹಚ್ಚಿದರು.

ಡಬ್ಬಿಯ ಒತ್ತುವ ನೊರೆ ಕೆಟ್ಟದ್ದೇ ಎಂದು ಕೇಳಿದರೆ ಹಾಗೇನಿಲ್ಲ. ದುಡಿಯುವ ಗಂಡಸರಿಗೆ, ಅವಸರಕ್ಕೆ ಅದು ಸರಿ. ಅಮೆರಿಕದ ಗಿಲೆಟ್ ಎಂಬಾತ 1903ರಲ್ಲಿ ಬದಲಿಸುವ ಬ್ಲೇಡಿನ ರೇಜರ್ ಮಾರಲು ಹೊರಟಾಗಲೂ ಹಳಬರು ಗೊಣಗಿರಬೇಕು. ಆದರೆ ಆ ನೊರೆಯಲ್ಲಿ ಗಾಳಿಯೇ ಹೆಚ್ಚು, ಕೂದಲು ನೆನೆಸುವ ನೀರು ಕಡಿಮೆ. ಬ್ರಶ್ಶು ಗಲ್ಲದ ಮೇಲೆ ದುಂಡಗೆ ಆಡುವಾಗ ಮಲಗಿದ ಕೂದಲು ಎದ್ದು ನಿಲ್ಲುತ್ತದೆ, ಆ ಕೆಲಸ ಬೆರಳಿನಿಂದ ಆಗುವುದಿಲ್ಲ. ಮುದಿಗಲ್ಲಕ್ಕೆ ಇದೇ ಮೇಲು ಎಂದು ನನ್ನ ಅನುಭವ.

2022ರ ಫೆಬ್ರುವರಿಯಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು. ಮೂರೇ ದಿನ. ನಾಲ್ಕನೆಯ ದಿನ ಬೆಳಗಿನ ಜಾವ ಹೋದರು.

ಮಣ್ಣಿಗೆ ಒಯ್ಯುವ ಮೊದಲು ಸ್ನಾನ ಮಾಡಿಸಬೇಕೆಂದು ಗಂಡಸರು ತಯಾರಿ ನಡೆಸಿದ್ದರು. ಅತ್ತೆಯವರು ಒಂದೇ ಮಾತು ಹಿಡಿದು ಕೂತರು. "ಮೂರ ದಿನದ ಗಡ್ಡ ಐತಿ. ಅದರ ಮ್ಯಾಲ ಅವರನ್ನ ಕಳಸಬ್ಯಾಡ್ರಿ." ಹಡಪದ ಕಾಕಾನಿಗೆ ಹೇಳಿ ಕಳಿಸಿದರು. ಕೋಲೂರಿಕೊಂಡು ಮಗನ ಹೆಗಲು ಹಿಡಿದು ಬಂದರು. ಪಡಸಾಲೆಯಲ್ಲಿ ಮಂದಿ ತುಂಬಿದ್ದರು, ಪುಣೆಯಿಂದ ಮೈದುನನೂ ಬಂದಿದ್ದ. ಕಾಕಾ ಕೂತು, ಚೀಲ ಬಿಚ್ಚಿ, ನನ್ನ ಕಡೆ ನೋಡಿ, "ಬುರುಗು ನೀನ ಮಾಡ ತಂಗಿ" ಎಂದರು. ಯಾರೂ ಏನೂ ಅನ್ನಲಿಲ್ಲ. ಮೈದುನನೇ ಎದ್ದು ಮಾಡದಿಂದ ಡಬ್ಬಿ ತಂದು ಕೊಟ್ಟ.

ನಾನು ನೀರು ಕಾಸಿ ತಂದೆ. ಮುಂಗೈಗೆ ಹಾಕಿ ಬಿಸಿ ನೋಡಿದೆ. ನೋಡಿದ ಮೇಲೆ ಈಗ ಅದು ಯಾಕೆ ಎಂಬುದು ನೆನಪಾಯಿತು. ಕಾಕಾ ಬೇರೆ ಕಡೆ ನೋಡುತ್ತಿದ್ದರು. ಸಬಕಾರ ಸವೆದು ಹಪ್ಪಳದಷ್ಟು ತೆಳ್ಳಗಾಗಿತ್ತು. ಮೂವತ್ತು ನಲವತ್ತು ಸುತ್ತು, ಆಮೇಲೆ ಬಟ್ಟಲಿಗೆ. ಹನಿ ಹನಿ ನೀರು. ಒಳ್ಳೆಯ ಬುರುಗೇ ಬಂತು.

ಡಬ್ಬಿ, ಬ್ರಶ್ಶು ಈಗಲೂ ಅದೇ ಮಾಡದಲ್ಲಿವೆ. ಹೊಸ ಸಬಕಾರ ತಂದಿಟ್ಟಿದ್ದೇನೆ. ನಮ್ಮ ಮನೆಯವರು ರಜೆಯ ದಿನ, ಪಾಳಿ ಇಲ್ಲದಾಗ, ಕಂಬಕ್ಕೆ ಕನ್ನಡಿ ತೂಗುಹಾಕಿ ಕೂಡುತ್ತಾರೆ. ಎಷ್ಟು ಸಲ ಹೇಳಿದರೂ ನೀರು ಒಮ್ಮೆಲೇ ಸುರಿಯುತ್ತಾರೆ, ಗುಳ್ಳೆ ಏಳುತ್ತದೆ. ಒಳಗಿನಿಂದ ಅತ್ತೆಯವರು ಸಪ್ಪಳ ಕೇಳಿಯೇ ಹೇಳುತ್ತಾರೆ, "ನೀರ ಜಾಸ್ತಿ ಆತು ನೋಡ."